ಧಾರವಾಡ ಸೀಮೆಯ ನಿಧಿ ಐತಿಹ್ಯಗಳು ಮತ್ತು ರಕ್ಷಣಾ ನಂಬಿಕೆಗಳು

ಧಾರವಾಡ ಸೀಮೆಯ ನಿಧಿ ಐತಿಹ್ಯಗಳು ಮತ್ತು ರಕ್ಷಣಾ ನಂಬಿಕೆಗಳು ಎಂದರೆ ಹುಬ್ಬಳ್ಳಿ-ಧಾರವಾಡ ಹಾಗೂ ಅದರ ಸುತ್ತಲಿನ ಗದಗ, ಹಾವೇರಿ, ಬೆಳಗಾವಿ ಜಿಲ್ಲೆಗಳ ಜನರಲ್ಲಿ ಬಾಯಿಂದ ಬಾಯಿಗೆ ಬಂದಿರುವ ಹೂತಿಟ್ಟ ಸಂಪತ್ತಿನ ಕಥೆಗಳು ಮತ್ತು ಕೇಡಿನಿಂದ ಮನೆ, ಮಕ್ಕಳು, ಜಾನುವಾರು, ಬೆಳೆಗಳನ್ನು ಕಾಪಾಡಿಕೊಳ್ಳಲು ಅನುಸರಿಸುವ ಆಚರಣೆಗಳು. ಮೇಲ್ನೋಟಕ್ಕೆ ಇವು ಎರಡು ಬೇರೆ ವಿಷಯಗಳಂತೆ ಕಂಡರೂ ಎರಡರ ಹಿಂದೆಯೂ ಒಂದೇ ತಿಳಿವಳಿಕೆಯಿದೆ. ಸಂಪತ್ತಿಗೆ ಕಾವಲು ಇರುತ್ತದೆ, ಕಾಣದ ಶಕ್ತಿಗಳ ಕಣ್ಣು ಅದರ ಮೇಲಿರುತ್ತದೆ, ಆ ಕಾವಲನ್ನು ಮೀರಿದವನಿಗೆ ಕೇಡು ತಪ್ಪದು ಎಂಬುದೇ ಆ ತಿಳಿವಳಿಕೆ. ಈ ನಂಬಿಕೆಗಳು ಜಾನಪದ ಅಧ್ಯಯನದ ವಸ್ತುವಾಗಿರುವಂತೆಯೇ ಸ್ಮಾರಕಗಳ ನಾಶ, ವಂಚನೆ ಮತ್ತು ಅಪರಾಧಗಳಿಗೂ ಕಾರಣವಾಗಿವೆ.

ಪದಬಳಕೆ

ಹೂತಿಟ್ಟ ಸಂಪತ್ತಿಗೆ ಕನ್ನಡದಲ್ಲಿ ನಿಧಿ, ನಿಕ್ಷೇಪ, ಕಡವರ ಮೊದಲಾದ ಪದಗಳಿವೆ. ಹಳಗನ್ನಡ ಮತ್ತು ನಡುಗನ್ನಡಗಳಲ್ಲಿ ‘ನಿಧಾನ’ ಎಂಬ ಪದವೂ ಇದೇ ಅರ್ಥದಲ್ಲಿ ಬಳಕೆಯಾಗುತ್ತಿತ್ತು. ಅಕ್ಕಮಹಾದೇವಿಯ ವಚನವೊಂದರಲ್ಲಿ ಕಣ್ಣಿಗೆ ಕಾಣದ ದೈವವನ್ನು ನೆಲದೊಳಗೆ ಅಡಗಿರುವ ಸಂಪತ್ತಿಗೆ ಹೋಲಿಸಲಾಗಿದೆ. ಆಡುಮಾತಿನ ಕಥೆಗಳಲ್ಲಿ ನಿಧಿಯು ಸಾಮಾನ್ಯವಾಗಿ ಕೊಪ್ಪರಿಗೆ, ಹಂಡೆ, ಗಡಿಗೆ ಅಥವಾ ಕೊಡದ ರೂಪದಲ್ಲಿ ಬರುತ್ತದೆ. ‘ಏಳು ಕೊಪ್ಪರಿಗೆ ಹೊನ್ನು’ ಎಂಬುದು ಕಥೆಗಾರರ ರೂಢಿಯ ಮಾತಾಗಿದೆ. ನಿಧಿಗಾಗಿ ಕದ್ದು ಅಗೆಯುವವರನ್ನು ಪತ್ರಿಕೆಗಳು ‘ನಿಧಿಗಳ್ಳರು’ ಎಂದು ಕರೆಯುತ್ತವೆ. ಕೆಟ್ಟ ಕಣ್ಣಿಗೆ ದೃಷ್ಟಿ, ದಿಟ್ಟಿ ಎಂಬ ಪದಗಳ ಜೊತೆಗೆ ಈ ಭಾಗದಲ್ಲಿ ‘ನದರು’ ಎಂಬ ಪದವೂ ಬಳಕೆಯಲ್ಲಿದೆ.

ಐತಿಹಾಸಿಕ ಹಿನ್ನೆಲೆ

ನಿಧಿಯ ಕಥೆಗಳು ಬರಿಯ ಕಲ್ಪನೆಯಿಂದ ಹುಟ್ಟಿದವಲ್ಲ. ಬ್ಯಾಂಕುಗಳು ಇಲ್ಲದಿದ್ದ ಕಾಲದಲ್ಲಿ ನಾಣ್ಯ ಮತ್ತು ಒಡವೆಗಳನ್ನು ನೆಲದಲ್ಲಿ, ಗೋಡೆಯಲ್ಲಿ ಅಥವಾ ಒಲೆಯ ಅಡಿಯಲ್ಲಿ ಹೂತಿಡುವುದು ಎಲ್ಲೆಡೆ ರೂಢಿಯಲ್ಲಿತ್ತು. ಉತ್ತರ ಕರ್ನಾಟಕದಲ್ಲಿ ಜೋಳವನ್ನು ಕೂಡ ನೆಲದೊಳಗಿನ ‘ಹಗೇವು’ ಎಂಬ ಕಣಜಗಳಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ಕಿರಿದಾಗಿದ್ದು ಒಳಭಾಗ ಅಗಲವಾಗಿರುತ್ತಿತ್ತು. ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮತ್ತು ಮಣ್ಣು ಮುಚ್ಚಲಾಗುತ್ತಿತ್ತು. ಹೀಗಾಗಿ ನೆಲದಡಿಯಲ್ಲಿ ಆಸ್ತಿ ಇರುವುದು ಇಲ್ಲಿನ ಜನರಿಗೆ ನಿತ್ಯದ ಅನುಭವವೇ ಆಗಿತ್ತು.

ಯುದ್ಧ ಮತ್ತು ಬರಗಳು ಈ ರೂಢಿಯನ್ನು ಬಲಪಡಿಸಿದವು. ವಿಜಯನಗರ, ಬಿಜಾಪುರದ ಆದಿಲಶಾಹಿ, ಮೊಘಲರು, ಸವಣೂರಿನ ನವಾಬರು, ಮರಾಠರು, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ ಈ ಸೀಮೆಗಾಗಿ ಸೆಣಸಿದರು. 1790-91ರಲ್ಲಿ ಮರಾಠರು ಬ್ರಿಟಿಷರ ನೆರವಿನೊಂದಿಗೆ ಧಾರವಾಡ ಕೋಟೆಗೆ ಹಾಕಿದ ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಅದರ ಬೆನ್ನಲ್ಲೇ 1791-92ರ ಡೋಗಿ ಬರ ಬಂದಿತು. ಇಂತಹ ಕಾಲದಲ್ಲಿ ಹಣ ಹೂತಿಟ್ಟು ಊರು ಬಿಟ್ಟವರಲ್ಲಿ ಎಲ್ಲರೂ ಹಿಂದಿರುಗಿ ಬರಲಿಲ್ಲ. ಹೂತವನು ಸತ್ತರೆ ಜಾಗದ ಗುರುತು ಅವನೊಂದಿಗೇ ಹೋಗುತ್ತಿತ್ತು, ಅನುಮಾನ ಮಾತ್ರ ಊರಿನಲ್ಲಿ ಉಳಿಯುತ್ತಿತ್ತು.

ನಿಧಿಯು ಹಿಂದಿನ ಆಡಳಿತದಲ್ಲಿ ಕಾನೂನಿನ ವಿಷಯವೂ ಆಗಿತ್ತು. ದಾನಶಾಸನಗಳಲ್ಲಿ ಭೂಮಿಯೊಂದಿಗೆ ಕೊಡಲಾಗುತ್ತಿದ್ದ ಅಷ್ಟಭೋಗಗಳೆಂದರೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ ಮತ್ತು ಸಾಧ್ಯ. ಅಂದರೆ ದಾನ ಪಡೆದವನಿಗೆ ಆ ನೆಲದಲ್ಲಿ ಸಿಗಬಹುದಾದ ಹೂತಿಟ್ಟ ಸಂಪತ್ತಿನ ಮೇಲೂ ಹಕ್ಕು ದೊರೆಯುತ್ತಿತ್ತು. ಯಾಜ್ಞವಲ್ಕ್ಯ ಸ್ಮೃತಿಯು ದೊರೆತ ನಿಧಿಯಲ್ಲಿ ರಾಜನ ಪಾಲನ್ನು ಗೊತ್ತುಪಡಿಸಿ, ರಾಜನಿಗೆ ತಿಳಿಸದೆ ಮುಚ್ಚಿಟ್ಟವನಿಗೆ ದಂಡ ವಿಧಿಸುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರ’ ಈ ಸ್ಮೃತಿಯ ವ್ಯಾಖ್ಯಾನವಾಗಿದೆ.

ನಿಧಿ ಐತಿಹ್ಯಗಳ ಪ್ರಮುಖ ಆಶಯಗಳು

ಕಾವಲು ಸರ್ಪ

ನಿಧಿ ಇರುವಲ್ಲಿ ಘಟಸರ್ಪ ಇರುತ್ತದೆ ಎಂಬುದು ಅತ್ಯಂತ ವ್ಯಾಪಕವಾದ ನಂಬಿಕೆ. ಜೀವಮಾನವಿಡೀ ಉಣ್ಣದೆ, ಉಡದೆ ಹಣ ಕೂಡಿಟ್ಟ ಜಿಪುಣನು ಸತ್ತ ಮೇಲೆ ಹಾವಾಗಿ ಹುಟ್ಟಿ ತನ್ನ ಗಡಿಗೆಯನ್ನು ತಾನೇ ಕಾಯುತ್ತಾನೆ ಎಂದು ಕಥೆಗಳು ಹೇಳುತ್ತವೆ. ನಾಗರ ಪಂಚಮಿಯಂದು ನೆಲ ಅಗೆಯಬಾರದು, ಉಳಬಾರದು ಎಂಬ ಕಟ್ಟುಪಾಡಿಗೂ ಈ ಕಲ್ಪನೆಗೂ ನೆಂಟಿದೆ. ಎರಡರಲ್ಲಿಯೂ ನೆಲದೊಳಗು ನಾಗನ ಆಳ್ವಿಕೆಗೆ ಸೇರಿದ್ದು. ಪಾಳುಬಿದ್ದ ಗುಡಿ ಮತ್ತು ಕೋಟೆಗಳಲ್ಲಿ ಇಲಿಗಳು ಹೆಚ್ಚಾಗಿರುವುದರಿಂದ ಅವುಗಳನ್ನು ಅರಸಿ ನಾಗರಹಾವುಗಳು ಬರುವುದು ಸಹಜ. ಹಾಗೆಯೇ ಬಹುಕಾಲ ಮುಚ್ಚಿದ್ದ ಹಗೇವುಗಳಲ್ಲಿ ಕೆಟ್ಟ ಗಾಳಿ ತುಂಬಿಕೊಂಡು, ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸಾಯುವ ಅಪಾಯವಿತ್ತು. ಇಂತಹ ಅನುಭವಗಳು ಕಾವಲಿನ ನಂಬಿಕೆಗೆ ಬಲ ನೀಡಿರಬಹುದು.

ಕರೆಯುವ ನಿಧಿ

ನಿಧಿಯು ತಾನಾಗಿಯೇ ಯೋಗ್ಯನಾದವನನ್ನು ಕರೆಯುತ್ತದೆ ಎಂಬುದು ಇನ್ನೊಂದು ಆಶಯ. ನಡುರಾತ್ರಿಯಲ್ಲಿ ನೆಲದೊಳಗಿನಿಂದ ‘ಬರಲೇನು?’ ಎಂಬ ದನಿ ಕೇಳುತ್ತದೆ. ಧೈರ್ಯವಾಗಿ ‘ಬಾ’ ಎಂದವನಿಗೆ ಸಂಪತ್ತು ಸಿಗುತ್ತದೆ, ಹೆದರಿದವನಿಗೆ ಸಿಗುವುದಿಲ್ಲ. ಕೆಲವು ಕಥೆಗಳಲ್ಲಿ ನಿಧಿಯು ಮನೆಯ ಹಿರಿಯ ಮಗನನ್ನೋ ಚೊಚ್ಚಲ ಬಸುರಿಯನ್ನೋ ಬಲಿಯಾಗಿ ಕೇಳುತ್ತದೆ. ಸಂಪತ್ತು ಬೇಕೋ ಮಕ್ಕಳು ಬೇಕೋ ಎಂಬ ಆಯ್ಕೆಯೇ ಇಂತಹ ಕಥೆಗಳ ತಿರುಳು. ಮಕ್ಕಳನ್ನು ಆರಿಸಿಕೊಂಡ ಬಡವನನ್ನು ಕಥೆ ಮೆಚ್ಚುತ್ತದೆ.

ಇದ್ದಿಲಾದ ಹೊನ್ನು

ಹಣೆಯಲ್ಲಿ ಬರೆಯದವನ ಕೈಗೆ ಸಿಕ್ಕ ಹೊನ್ನು ಇದ್ದಿಲಾಗಿಯೋ ಚೇಳಾಗಿಯೋ ಮಾರ್ಪಡುತ್ತದೆ. ಅದೇ ಗಡಿಗೆಯು ಋಣವಿದ್ದವನ ಮನೆಯಲ್ಲಿ ಮತ್ತೆ ಹೊನ್ನಾಗುತ್ತದೆ. ದುಡಿಯದೆ ಬರುವ ಸಂಪತ್ತು ನಿಲ್ಲುವುದಿಲ್ಲ ಎಂಬ ರೈತಾಪಿ ನೀತಿ ಇಂತಹ ಕಥೆಗಳಲ್ಲಿ ಕಾಣುತ್ತದೆ.

ಪಾತ್ರೆ ಕೊಡುವ ಕೆರೆ

ಮದುವೆಯ ಹಿಂದಿನ ದಿನ ಕೆರೆ ಅಥವಾ ಬಾವಿಯ ದಂಡೆಯಲ್ಲಿ ಪೂಜೆ ಮಾಡಿ ಬೇಡಿಕೊಂಡರೆ ಮರುದಿನ ಬೆಳಗ್ಗೆ ಅಡುಗೆಗೆ ಬೇಕಾದ ಹಂಡೆ, ಕೊಪ್ಪರಿಗೆಗಳು ದಂಡೆಯ ಮೇಲೆ ಬಂದಿರುತ್ತಿದ್ದವು. ಕೆಲಸ ಮುಗಿದ ಮೇಲೆ ತೊಳೆದು ಹಿಂದಿರುಗಿಸಬೇಕಾಗಿತ್ತು. ಯಾರೋ ಒಬ್ಬರು ಆಸೆಗೆ ಬಿದ್ದು ಒಂದು ಪಾತ್ರೆಯನ್ನು ಇಟ್ಟುಕೊಂಡ ಕಾರಣ ಅಂದಿನಿಂದ ಕೆರೆ ಕೊಡುವುದನ್ನು ನಿಲ್ಲಿಸಿತು. ಕರ್ನಾಟಕದ ಹಲವು ಊರುಗಳಲ್ಲಿ ಹೇಳಲಾಗುವ ಈ ಕಥೆಯಲ್ಲಿ ಸಂಪತ್ತು ಒಬ್ಬನದಲ್ಲ, ಇಡೀ ಊರಿನದು.

ಓದಲಾಗದ ಬರಹ

ಬಸವಣ್ಣನವರ ಜೀವನವನ್ನು ಕುರಿತ ಪುರಾಣ ಕಾವ್ಯಗಳಲ್ಲಿ, ಯಾರಿಂದಲೂ ಓದಲಾಗದ ಬರಹವೊಂದನ್ನು ಓದಿದ ಬಸವಣ್ಣನವರು ಬಿಜ್ಜಳನ ಸಿಂಹಾಸನದ ಅಡಿಯಲ್ಲಿದ್ದ ನಿಧಿಯನ್ನು ತೋರಿಸಿದ ಪ್ರಸಂಗ ಬರುತ್ತದೆ. ಹಳೆಯ ಲಿಪಿಯಲ್ಲಿ ಹೊನ್ನಿನ ಗುಟ್ಟು ಇದೆ ಎಂಬ ಈ ಆಶಯವು ಜನರ ನಂಬಿಕೆಯಲ್ಲಿ ಇಂದಿಗೂ ಉಳಿದಿದೆ.

ನಿಧಿ ಪತ್ತೆಯ ಕುರಿತ ನಂಬಿಕೆಗಳು

ನಿಧಿ ಎಲ್ಲಿದೆ ಎಂದು ತಿಳಿಯಲು ಅಂಜನ ಹಾಕಿ ನೋಡುವುದು ಪ್ರಸಿದ್ಧವಾದ ಕ್ರಮ. ವೀಳ್ಯದೆಲೆ ಅಥವಾ ಹೆಬ್ಬೆರಳಿನ ಉಗುರಿಗೆ ಕಪ್ಪನ್ನು ಹಚ್ಚಿ ಅದರಲ್ಲಿ ಕಳೆದುಹೋದ ವಸ್ತುವನ್ನೋ ಹೂತಿಟ್ಟ ಹಣವನ್ನೋ ಕಾಣಬಹುದೆಂದು ನಂಬಲಾಗುತ್ತದೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರಿಗೆ ನೆಲದೊಳಗಿನ ನೀರು ಮತ್ತು ನಿಧಿ ಕಾಣುತ್ತವೆ ಎಂಬ ನಂಬಿಕೆಯೂ ಇದೆ. ಮರಾಠಿಯಲ್ಲಿ ಇಂಥವರನ್ನು ‘ಪಾಯಾಳೂ’ ಎನ್ನುತ್ತಾರೆ. ಅಗೆಯಲು ಅಮಾವಾಸ್ಯೆಯ ರಾತ್ರಿಯೇ ತಕ್ಕದ್ದು ಎಂದು ಹೇಳಲಾಗುತ್ತದೆ. ಮಣ್ಣುಮುಕ್ಕ ಹಾವನ್ನು ‘ಎರಡು ತಲೆ ಹಾವು’ ಎಂದು ಕರೆದು, ಅದರಿಂದ ನಿಧಿ ಮತ್ತು ಅದೃಷ್ಟ ದೊರೆಯುತ್ತವೆಂದು ನಂಬಿಸಿ ಮಾರುವವರೂ ಇದ್ದಾರೆ. ಈ ಹಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿದ್ದು, ಅದನ್ನು ಹಿಡಿಯುವುದು ಮತ್ತು ಮಾರುವುದು ಅಪರಾಧ.

ಐತಿಹ್ಯಗಳಿರುವ ಸ್ಥಳಗಳು

ಲಕ್ಕುಂಡಿ: ಗದಗ ಜಿಲ್ಲೆಯ ಲಕ್ಕುಂಡಿಯ ಹಳೆಯ ಹೆಸರು ಲೊಕ್ಕಿಗುಂಡಿ. ದಾನಚಿಂತಾಮಣಿ ಅತ್ತಿಮಬ್ಬೆಯು ಇಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಇಲ್ಲಿ ಟಂಕಸಾಲೆ ಇತ್ತು ಮತ್ತು ಇಲ್ಲಿನ ‘ಲೊಕ್ಕಿ ಗದ್ಯಾಣ’ ಎಂಬ ಹೊನ್ನಿನ ನಾಣ್ಯ ಶಾಸನಗಳಲ್ಲಿ ಉಲ್ಲೇಖಗೊಂಡಿದೆ. ಮಳೆ ಬಂದು ಮಣ್ಣು ತೊಳೆದಾಗ ಇಲ್ಲಿ ಹೊನ್ನಿನ ಚೂರುಗಳು ಸಿಗುತ್ತವೆ ಎಂಬ ಮಾತು ಜನರಲ್ಲಿದೆ.

ಕಪ್ಪತಗುಡ್ಡ: ಗದಗ ಜಿಲ್ಲೆಯ ಈ ಬೆಟ್ಟಸಾಲಿನ ಹೊನ್ನಿನ ಕಥೆಗಳಿಗೆ ಭೂವೈಜ್ಞಾನಿಕ ಆಧಾರವಿದೆ. ಇಲ್ಲಿನ ಶಿಲೆಗಳಲ್ಲಿ ಚಿನ್ನದ ಅಂಶವಿದ್ದು, ದೋಣಿ ಮತ್ತು ಸೊರಟೂರು ಪರಿಸರದ ಹಳ್ಳಗಳ ಮರಳನ್ನು ತೊಳೆದು ‘ಜಾಲಗಾರರು’ ಹೊನ್ನನ್ನು ತೆಗೆಯುತ್ತಿದ್ದುದನ್ನು 19ನೆಯ ಶತಮಾನದ ಬ್ರಿಟಿಷ್ ಬರಹಗಾರರು ದಾಖಲಿಸಿದ್ದಾರೆ.

ಕಿತ್ತೂರು: ಧಾರವಾಡ ಮತ್ತು ಬೆಳಗಾವಿಯ ನಡುವಿನ ಕಿತ್ತೂರಿನಲ್ಲಿ 1824ರ ಘರ್ಷಣೆಗೆ ಸಂಸ್ಥಾನದ ಖಜಾನೆಯೂ ಒಂದು ಕಾರಣವಾಗಿತ್ತು. ಸುಮಾರು 15 ಲಕ್ಷ ರೂಪಾಯಿ ಬೆಲೆಯ ಹಣ ಮತ್ತು ಒಡವೆಗಳನ್ನು ವಶಪಡಿಸಿಕೊಳ್ಳಲು ಕಂಪನಿ ಸರಕಾರ ಮುಂದಾಯಿತು. 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ನಂತರ ಕೋಟೆ ಬ್ರಿಟಿಷರ ವಶವಾಯಿತು.

ಅಕ್ಕಿಆಲೂರು: ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಈ ಊರಿನಲ್ಲಿ ರೋಮನ್ ಮತ್ತು ಬೈಜಾಂಟೈನ್ ಚಿನ್ನದ ನಾಣ್ಯಗಳ ನಿಧಿ ದೊರೆತಿದೆ. ಪ್ರಾಚೀನ ಕಾಲದ ದೂರದ ವ್ಯಾಪಾರವನ್ನು ತಿಳಿಯಲು ಇದು ಮುಖ್ಯ ಆಧಾರ.

ಕೋಟೆ, ವಾಡೆ ಮತ್ತು ಹುಡೇವುಗಳು: ನರಗುಂದ, ಬಂಕಾಪುರದಂತಹ ಕೋಟೆಗಳಿರುವ ಊರುಗಳಲ್ಲಿ, ದೇಸಾಯಿಯರ ವಾಡೆಗಳಲ್ಲಿ ಮತ್ತು ಹಳ್ಳಿಗಳ ಹುಡೇವುಗಳಲ್ಲಿ ನೆಲಮಾಳಿಗೆ, ಗುಪ್ತ ಸುರಂಗ ಹಾಗೂ ಹೂತಿಟ್ಟ ಖಜಾನೆಯ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ.

ಸ್ಮಾರಕಗಳ ಕುರಿತ ತಪ್ಪು ತಿಳಿವಳಿಕೆ

ಶಾಸನಕಲ್ಲು ಮತ್ತು ವೀರಗಲ್ಲುಗಳ ಮೇಲಿನ ಚಿತ್ರಗಳನ್ನು ನಿಧಿಯ ಗುರುತುಗಳೆಂದು ತಿಳಿಯುವುದು ಸಾಮಾನ್ಯ. ವಾಸ್ತವದಲ್ಲಿ ಅವುಗಳ ಅರ್ಥ ಬೇರೆಯೇ ಆಗಿದೆ.

- ಸೂರ್ಯ ಮತ್ತು ಚಂದ್ರ: ಸೂರ್ಯಚಂದ್ರರಿರುವವರೆಗೂ ದಾನ ಅಥವಾ ಕೀರ್ತಿ ನಿಲ್ಲಲಿ ಎಂಬುದರ ಸಂಕೇತ.
- ಹಸು ಮತ್ತು ಕರು: ದಾನದ ಪಾವಿತ್ರ್ಯವನ್ನು, ಅದನ್ನು ಕೆಡಿಸಿದರೆ ಗೋಹತ್ಯೆಯ ಪಾಪ ಬರುತ್ತದೆ ಎಂಬ ಎಚ್ಚರಿಕೆಯನ್ನು ಸೂಚಿಸುತ್ತದೆ.
- ಲಿಂಗಮುದ್ರೆಯ ಕಲ್ಲು: ಶೈವ ದೇವಾಲಯಕ್ಕೋ ಮಠಕ್ಕೋ ಬಿಟ್ಟ ಭೂಮಿಯ ಎಲ್ಲೆಯನ್ನು ತೋರಿಸುವ ಕಲ್ಲು.
- ವೀರಗಲ್ಲಿನ ಬಿಲ್ಲು ಮತ್ತು ಕತ್ತಿ: ಮಡಿದ ವೀರನ ಆಯುಧಗಳೇ ಹೊರತು ದಿಕ್ಕು ತೋರುವ ಗುರುತುಗಳಲ್ಲ.

ಶಾಸನದ ಕೊನೆಯಲ್ಲಿ ಬರುವ ಶಾಪಾಶಯವು ದಾನವನ್ನು ಕಸಿದುಕೊಳ್ಳುವವರಿಗೆ ಹಾಕಿದ್ದಾಗಿದೆ. ಅದನ್ನು ‘ನಿಧಿಯನ್ನು ಮುಟ್ಟಿದವರಿಗೆ ಶಾಪ’ ಎಂದು ತಪ್ಪಾಗಿ ತಿಳಿದ ಕಡೆ ಕಲ್ಲಿನ ಕೆಳಗೆ ಹೊನ್ನು ಇದೆ ಎಂಬ ನಂಬಿಕೆ ಮತ್ತಷ್ಟು ಗಟ್ಟಿಯಾಗುತ್ತದೆ.

ದೇವಾಲಯ ನಿರ್ಮಾಣದಲ್ಲಿ ಗರ್ಭನ್ಯಾಸ ಎಂಬ ವಿಧಿಯಿದೆ. ಗರ್ಭಗುಡಿಯ ಅಡಿಪಾಯದಲ್ಲಿ ಲೋಹ, ಧಾನ್ಯ ಮತ್ತು ರತ್ನದ ಹರಳುಗಳಿರುವ ಚಿಕ್ಕ ಪೆಟ್ಟಿಗೆಯನ್ನು ಇಡಲಾಗುತ್ತದೆ. ಇದು ಸಾಂಕೇತಿಕವಾದ ಅಲ್ಪ ಪ್ರಮಾಣದ ವಸ್ತುವೇ ಹೊರತು ಖಜಾನೆಯಲ್ಲ. ಆದರೂ ವಿಗ್ರಹದ ಅಡಿಯಲ್ಲಿ ನಿಧಿ ಇದೆ ಎಂಬ ನಂಬಿಕೆಯಿಂದ ಅನೇಕ ಪಾಳುಗುಡಿಗಳ ಲಿಂಗ ಮತ್ತು ವಿಗ್ರಹಗಳನ್ನು ಕಿತ್ತು ಹಾಕಲಾಗಿದೆ.

ರಕ್ಷಣಾ ನಂಬಿಕೆಗಳು

ಮಕ್ಕಳು ಮತ್ತು ಮನೆ

ಮಗುವಿನ ಕೆನ್ನೆ ಅಥವಾ ಹಣೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುವುದು, ಕೈ ಅಥವಾ ಸೊಂಟಕ್ಕೆ ಕರಿದಾರ ಕಟ್ಟುವುದು ಮತ್ತು ತಾಯತ ಹಾಕುವುದು ಎಲ್ಲ ಸಮುದಾಯಗಳಲ್ಲಿಯೂ ಕಂಡುಬರುತ್ತದೆ. ಚೆಂದವಾದುದಕ್ಕೆ ಒಂದು ಸಣ್ಣ ಕುಂದನ್ನು ಸೇರಿಸಿದರೆ ನೋಡುವವರ ಹೊಟ್ಟೆಕಿಚ್ಚು ತಗಲುವುದಿಲ್ಲ ಎಂಬುದು ಇದರ ಹಿಂದಿನ ಕಲ್ಪನೆ. ಮಗು ಅಕಾರಣವಾಗಿ ಅತ್ತರೆ, ಉಣ್ಣದಿದ್ದರೆ ನದರು ತೆಗೆಯುತ್ತಾರೆ. ಉಪ್ಪು, ಒಣ ಮೆಣಸಿನಕಾಯಿ, ಸಾಸಿವೆ, ಕಸಬರಿಗೆಯ ಕಡ್ಡಿಗಳನ್ನು ಮಗುವಿನ ಸುತ್ತ ನಿವಾಳಿಸಿ ಒಲೆಗೆ ಹಾಕಲಾಗುತ್ತದೆ. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಎಂದೇ ಅರ್ಥ. ಈ ಕೆಲಸವನ್ನು ಸಾಮಾನ್ಯವಾಗಿ ಮನೆಯ ಅಜ್ಜಿ ಅಥವಾ ಹಿರಿಯ ಹೆಂಗಸು ಮಾಡುತ್ತಾಳೆ.

ಹೊಸ್ತಿಲಿಗೆ ಕುದುರೆಯ ಲಾಳ ಬಡಿಯುವುದು, ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟುವುದು, ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಬೊಂಬೆ ನಿಲ್ಲಿಸುವುದು ರೂಢಿಯಲ್ಲಿದೆ. ರಾತ್ರಿ ಹೆಸರು ಹಿಡಿದು ಕೂಗುವ ದೆವ್ವವನ್ನು ಮರಳಿ ಕಳಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ರೂಢಿ ಕರ್ನಾಟಕದ ಹಲವೆಡೆ ಇತ್ತು.

ಅಂಗಡಿ ಮತ್ತು ವಾಹನ

ಹುಬ್ಬಳ್ಳಿಯಂತಹ ವ್ಯಾಪಾರ ಕೇಂದ್ರದಲ್ಲಿ ಅಂಗಡಿಗಳ ಮುಂದೆ ಲಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿಯ ಸರ ತೂಗುವುದು ನಿತ್ಯದ ನೋಟ. ಲಾರಿಗಳ ಹಿಂದೆ ಹಳೆಯ ಚಪ್ಪಲಿ ಅಥವಾ ಕರಿದಾರ ಕಟ್ಟಲಾಗುತ್ತದೆ. ಅಮಾವಾಸ್ಯೆ ಮತ್ತು ಆಯುಧ ಪೂಜೆಯಂದು ಕುಂಬಳಕಾಯಿ ಒಡೆಯುವ ಪದ್ಧತಿಯಿದೆ. ರಸ್ತೆಯಲ್ಲಿ ಒಡೆದ ಕುಂಬಳಕಾಯಿಯಿಂದ ದ್ವಿಚಕ್ರ ವಾಹನಗಳು ಜಾರಿ ಬೀಳುವುದರಿಂದ ಹೋಳುಗಳನ್ನು ಬದಿಗೆ ಸರಿಸುವಂತೆ ತಿಳಿವಳಿಕೆ ನೀಡಲಾಗುತ್ತದೆ.

ಹೊಲ, ಜಾನುವಾರು ಮತ್ತು ಊರು

ಬೆಳೆಗೆ ನದರು ತಾಗದಂತೆ ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಲಾಗುತ್ತದೆ. ಸೀಗಿ ಹುಣ್ಣಿಮೆ ಮತ್ತು ಎಳ್ಳಮಾವಾಸ್ಯೆಗಳಂದು ರೈತರು ಹೊಲಕ್ಕೆ ಹೋಗಿ ಭೂಮಿತಾಯಿಯನ್ನು ಪೂಜಿಸಿ, ನೈವೇದ್ಯವನ್ನು ಹೊಲದ ಸುತ್ತ ಎರಚುತ್ತಾರೆ. ಇದಕ್ಕೆ ‘ಚರಗ ಚೆಲ್ಲುವುದು’ ಎಂದು ಹೆಸರು. ಎತ್ತು ಮತ್ತು ಎಮ್ಮೆಗಳ ಕೊರಳಿಗೆ ಕರಿಯ ಉಣ್ಣೆಯ ದಾರ ಕಟ್ಟಲಾಗುತ್ತದೆ.

ಊರಿಗೂ ಒಂದು ಕಾವಲಿದೆ. ಊರಿನ ಹೆಬ್ಬಾಗಿಲಾದ ಅಗಸಿಯ ಬಳಿ ಹನುಮಂತನ ಗುಡಿ ಮತ್ತು ಕರಿಗಲ್ಲು ಇರುವುದು ಈ ಭಾಗದ ಹಳ್ಳಿಗಳ ಲಕ್ಷಣ. ದ್ಯಾಮವ್ವ ಮತ್ತು ದುರ್ಗವ್ವರ ಜಾತ್ರೆಗಳಲ್ಲಿ ಊರಿನ ಎಲ್ಲೆಯನ್ನು ಕಾಯುವ ವಿಧಿಗಳು ನಡೆಯುತ್ತವೆ. ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಊರೆಲ್ಲ ಹೊರಗೆ ಹೋಗಿ ಬಿಡಾರ ಹೂಡುವ ‘ಹೊರಬೀಡು’ ಆಚರಣೆಯೂ ಇತ್ತು.

ಕಾನೂನು

ಧಾರವಾಡವು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಇಲ್ಲಿ 1878ರ ಭಾರತೀಯ ನಿಧಿ ಕಾಯ್ದೆ ಜಾರಿಗೆ ಬಂದಿತು. ಅದರ ಪ್ರಕಾರ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ನಿಧಿಗೆ ಒಡೆಯರಿಲ್ಲವೆಂದು ತೀರ್ಮಾನವಾಗಿ, ಬೇರೆ ಒಪ್ಪಂದವೂ ಇಲ್ಲದಿದ್ದರೆ, ಅದರ ನಾಲ್ಕರಲ್ಲಿ ಮೂರು ಪಾಲು ಸಿಕ್ಕವನಿಗೂ ಒಂದು ಪಾಲು ಜಾಗದ ಮಾಲೀಕನಿಗೂ ಸಲ್ಲುತ್ತಿತ್ತು. ಸರಕಾರವು ಬೇಕೆನಿಸಿದರೆ ಲೋಹದ ಬೆಲೆಯ ಮೇಲೆ ಐದರಲ್ಲಿ ಒಂದು ಭಾಗ ಹೆಚ್ಚು ಕೊಟ್ಟು ನಿಧಿಯನ್ನು ಪಡೆಯಬಹುದಾಗಿತ್ತು. ಮುಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ರಾಜ್ಯ ಏಕೀಕರಣದ ನಂತರ 1962ರ ಕರ್ನಾಟಕ ನಿಧಿ ಕಾಯ್ದೆ ಬಂದಿತು. ಪ್ರಾಚೀನ ವಸ್ತುಗಳಿಗೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯೂ ಅನ್ವಯಿಸುತ್ತದೆ. ಹೀಗಾಗಿ ಮನೆಯ ಪಾಯ ತೆಗೆಯುವಾಗ ಹಳೆಯ ನಾಣ್ಯ ಅಥವಾ ಒಡವೆ ಸಿಕ್ಕವರು ಜಿಲ್ಲಾಡಳಿತಕ್ಕೆ ತಿಳಿಸುವುದು ಕಡ್ಡಾಯ.

ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನೆ ಕಾಯ್ದೆ, 2017 ಎಂಬ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ನಿಧಿ ಹುಡುಕುವ ಹೆಸರಿನಲ್ಲಿ ನಡೆಸುವ ಅಮಾನವೀಯ ಕೃತ್ಯ ಮತ್ತು ವಾಮಾಚಾರ ಇದರಡಿ ಶಿಕ್ಷಾರ್ಹ. ಶಿಕ್ಷೆಯು ಒಂದರಿಂದ ಏಳು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವನ್ನು ಒಳಗೊಂಡಿದೆ. ಇಂತಹ ಕಾನೂನಿನ ಬೇಡಿಕೆಗೆ ಶಾಸನತಜ್ಞ ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಹತ್ಯೆಗೀಡಾದ ಬಳಿಕ ಹೆಚ್ಚಿನ ಒತ್ತು ದೊರೆಯಿತು.

ಪರಿಣಾಮಗಳು

ನಿಧಿ ನಂಬಿಕೆಯ ದೊಡ್ಡ ನಷ್ಟ ಸ್ಮಾರಕಗಳದ್ದು. 2019ರ ಜುಲೈನಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದುಹಾಕಿದರು. ಭಕ್ತರು ಕೆಲವೇ ದಿನಗಳಲ್ಲಿ ಅದನ್ನು ಮರುನಿರ್ಮಿಸಿದರು. ಆದರೆ ಊರಾಚೆಯ ಪಾಳುಗುಡಿಗಳಿಗೆ ಇಂತಹ ಆಸರೆ ಇರುವುದಿಲ್ಲ. ಅಲ್ಲಿ ಒಮ್ಮೆ ಒಡೆದ ಶಾಸನದ ಜೊತೆಗೆ ಆ ಊರಿನ ಇತಿಹಾಸವೂ ಹೋಗುತ್ತದೆ. ಕದ್ದು ಅಗೆದಾಗ ಮಣ್ಣಿನ ಪದರಗಳು ಕಲಸಿಹೋಗುವುದರಿಂದ ಉಳಿದ ವಸ್ತುಗಳ ಕಾಲವನ್ನು ನಿರ್ಣಯಿಸುವುದೂ ಕಷ್ಟವಾಗುತ್ತದೆ.

ಎರಡನೆಯದು ವಂಚನೆ. ‘ಮನೆಯ ಪಾಯ ತೆಗೆಯುವಾಗ ಬಂಗಾರದ ನಾಣ್ಯ ಸಿಕ್ಕಿವೆ, ಕಡಿಮೆ ಬೆಲೆಗೆ ಕೊಡುತ್ತೇವೆ’ ಎಂದು ನಂಬಿಸಿ, ಪರೀಕ್ಷೆಗೆ ಒಂದೆರಡು ಅಸಲಿ ನಾಣ್ಯ ಕೊಟ್ಟು, ನಂತರ ಹಿತ್ತಾಳೆಯ ನಾಣ್ಯಗಳನ್ನು ಮಾರುವುದು ಕರ್ನಾಟಕದಲ್ಲಿ ಪದೇ ಪದೇ ವರದಿಯಾಗುವ ಅಪರಾಧ. ಮೋಸಹೋದವರು ತಾವೂ ಕಾನೂನು ಮುರಿದಿದ್ದರಿಂದ ದೂರು ಕೊಡಲು ಹಿಂಜರಿಯುತ್ತಾರೆ. ಮೂರನೆಯದು ಹಿಂಸೆ. ಬಲಿಯ ಕಥೆಗಳನ್ನು ನಿಜವೆಂದು ನಂಬಿದವರಿಂದ ಮಕ್ಕಳಿಗೆ ಮತ್ತು ಮಹಿಳೆಯರಿಗೆ ಅಪಾಯ ಒದಗಿದ ಪ್ರಕರಣಗಳು ವರದಿಯಾಗಿವೆ.

ಅಧ್ಯಯನ

ಮುಂಬಯಿ ಸರಕಾರದ ಧಾರವಾಡ ಜಿಲ್ಲಾ ಗ್ಯಾಸೆಟಿಯರ್ 1884ರಲ್ಲಿ ಪ್ರಕಟವಾಯಿತು. ಆರ್. ಇ. ಎಂಥೋವನ್ ಅವರ ಮುಂಬಯಿ ಪ್ರಾಂತ್ಯದ ಜಾನಪದ ಕುರಿತ ಗ್ರಂಥ 1924ರಲ್ಲಿ ಹೊರಬಂದಿತು. ಅದಕ್ಕೆ ಆಧಾರವಾದ ಮಾಹಿತಿಯ ಬಹುಭಾಗವನ್ನು ಎ. ಎಂ. ಟಿ. ಜಾಕ್ಸನ್ ಅವರು ಪ್ರಶ್ನಾವಳಿಗಳ ಮೂಲಕ ಶಾಲಾ ಶಿಕ್ಷಕರಿಂದ ಸಂಗ್ರಹಿಸಿದ್ದರು. 1939ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನಾ ಸಂಸ್ಥೆಯು ಶಾಸನಗಳ ಸಂಗ್ರಹ ಮತ್ತು ಅಧ್ಯಯನ ನಡೆಸಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಈ ಕ್ಷೇತ್ರದ ಅಧ್ಯಯನಕ್ಕೆ ಮೀಸಲಾಗಿದೆ.

ಇತರ ದೇಶಗಳೊಂದಿಗೆ ಹೋಲಿಕೆ

ಐರ್ಲೆಂಡಿನ ಗ್ರಾಮೀಣ ಜಾನಪದದಲ್ಲಿ ಇದಕ್ಕೆ ಹತ್ತಿರವಾದ ಸಾಮಗ್ರಿ ದೊರೆಯುತ್ತದೆ. ಅಲ್ಲಿ 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ ಮಕ್ಕಳು ತಮ್ಮ ಮನೆಯ ಹಿರಿಯರಿಂದ ಕೇಳಿ ಬರೆದ ಸಂಗ್ರಹದಲ್ಲಿ ಗುಪ್ತ ನಿಧಿಯೂ ಒಂದು ವಿಷಯವಾಗಿತ್ತು. ಹೂಳುವಾಗ ಕೊಂದ ಆಳಿನ ಪ್ರೇತ, ಕರಿ ಬೆಕ್ಕು ಅಥವಾ ನಾಯಿ ಅಲ್ಲಿನ ನಿಧಿಯನ್ನು ಕಾಯುತ್ತದೆ. ಕುದುರೆಯ ಲಾಳವನ್ನು ರಕ್ಷೆಯಾಗಿ ಬಳಸುವುದು ಎರಡೂ ಕಡೆ ಇದೆ. ಪಾತ್ರೆ ಕೊಡುವ ಕೆರೆಯ ಕಥೆಯನ್ನು ಹೋಲುವ, ಎರವಲು ಕೊಡುವ ಕೊಪ್ಪರಿಗೆಯ ಐತಿಹ್ಯವು ಇಂಗ್ಲೆಂಡಿನ ಫ್ರೆನ್‌ಶಮ್ ಎಂಬಲ್ಲಿಯೂ ಇದೆ.

ಒಂದು ವ್ಯತ್ಯಾಸ ಗಮನಾರ್ಹ. ಐರ್ಲೆಂಡಿನ ಪ್ರಾಚೀನ ವೃತ್ತಾಕಾರದ ಮಣ್ಣಿನ ಕೋಟೆಗಳಲ್ಲಿ ಯಕ್ಷಿಣಿಯರು ವಾಸಿಸುತ್ತಾರೆ, ಅವನ್ನು ಅಗೆದವನಿಗೆ ಕೇಡಾಗುತ್ತದೆ ಎಂಬ ಭಯವೇ ಅವುಗಳಲ್ಲಿ ಅನೇಕವನ್ನು ಉಳಿಸಿದೆ. ಕರ್ನಾಟಕದ ನಾಗಬನಗಳನ್ನೂ ದೇವರಕಾಡುಗಳನ್ನೂ ಇಂತಹ ಭಯಭಕ್ತಿಯೇ ಕಾಪಾಡಿದೆ. ಪಾಳುಗುಡಿಗಳ ವಿಷಯದಲ್ಲಿ ಮಾತ್ರ ಹಾಗಾಗಿಲ್ಲ. ಕಾವಲಿನ ಭಯ ಕಡಿಮೆಯಾಗಿ ಹೊನ್ನಿನ ಆಸೆ ಮಾತ್ರ ಉಳಿದ ಕಡೆ, ಸ್ಮಾರಕಗಳನ್ನು ಕಾಯುತ್ತಿದ್ದ ಕಥೆಯೇ ಅವುಗಳ ನಾಶಕ್ಕೆ ಕಾರಣವಾಗಿದೆ.

ಇವನ್ನೂ ನೋಡಿ

- ಲಕ್ಕುಂಡಿ
- ಕಪ್ಪತಗುಡ್ಡ
- ಹಗೇವು
- ವೀರಗಲ್ಲು
- ನಾಗರ ಪಂಚಮಿ
- ಎಳ್ಳಮಾವಾಸ್ಯೆ
- ಕರ್ನಾಟಕ ಜಾನಪದ ವಿಶ್ವವಿದ್ಯಾಲಯ